ದೇವಾನಂಪ್ರಿಯ ಗಿಡ್ಡ

ಈ ಸಲದ ಗವಿಮಠದ ಜಾತ್ರೆ ಮುಗಿದು ಒಂದು ವಾರವಾಗಿತ್ತು. ಬೆಳಿಗ್ಗೆ ಫೋನ್ ಬಂತು. "ಸಮಾಜದ ಸರ್ ಹೋದ್ರಂತ." ಹೆಸರು ಕೇಳಬೇಕಾಗಿರಲಿಲ್ಲ. ನಮ್ಮ ಬ್ಯಾಚಿಗೆ ಸಮಾಜದ ಸರ್ ಅಂದರೆ ಒಬ್ಬರೇ.

1984ರಲ್ಲಿ ನಾನು ಏಳನೇ ತರಗತಿ. ಕೊಪ್ಪಳ ಆಗಿನ್ನೂ ರಾಯಚೂರು ಜಿಲ್ಲೆಯ ತಾಲ್ಲೂಕು. ಆ ವರ್ಷದ ಪುಸ್ತಕದಲ್ಲಿ ಏನೇನು ಪಾಠ ಇತ್ತೋ ಒಂದೂ ನೆನಪಿಲ್ಲ. ಸರ್ ಹೇಳಿದ ರಾಜರು ಮಾತ್ರ ಹಾಗೇ ಉಳಿದಿದ್ದಾರೆ. ಮೊದಲ ಮಳೆಗೆ ನಮ್ಮ ಕೋಣೆಯ ಮಾಳಿಗೆ ಸೋರಿತು. ಸರ್ ಬೆಂಚು ಪಕ್ಕಕ್ಕೆ ಸರಿಸಿ, ಸೋರುವಲ್ಲಿ ಬಕೆಟ್ ಇಟ್ಟು, ಪಾಠ ಶುರು ಮಾಡಿದರು. "ಬ್ಯಾಬಿಲೋನಿನ್ಯಾಗ ಹಮ್ಮುರಾಬಿ ಅಂತ ರಾಜ ಇದ್ದ. 282 ಕಟ್ಟಳೆ ಕಲ್ಲಿನ ಮ್ಯಾಲೆ ಕೊರಿಸಿದ್ದ. ಕಟ್ಟಿದ ಮನಿ ಬಿದ್ದು ಮಾಲಕ ಸತ್ತರ, ಕಟ್ಟಿದವನ ತಲಿನೂ ಹೋಗ್ತಿತ್ತು. ಇದನ್ನ ಕಟ್ಟಿದ ಗುತ್ತಿಗೆದಾರನ ಪುಣ್ಯ, ಅಂವಾ ಅಲ್ಲಿ ಹುಟ್ಟಲಿಲ್ಲ." ಬಕೆಟ್ಟಿಗೆ ಹನಿ ಬೀಳುತ್ತಲೇ ಇತ್ತು. ಹಮ್ಮುರಾಬಿ ಅಂದರೆ ನನಗೆ ಇವತ್ತಿಗೂ ಟಪ್ ಟಪ್ ಅಂತ ಅದೇ ಸದ್ದು.

ಆದರೆ ಸರ್‌ಗೆ ಪ್ರಾಣ ಅಂದರೆ ಅಶೋಕ. ಮೊದಮೊದಲು ಸಿಕ್ಕ ಶಾಸನಗಳಲ್ಲೆಲ್ಲ ಬರೀ ದೇವಾನಂಪ್ರಿಯ, ಪ್ರಿಯದರ್ಶಿ ಅಂತ ಬಿರುದು ಇರುತ್ತಿತ್ತಂತೆ. ಅಶೋಕ ಅನ್ನೋ ಹೆಸರೇ ಕಲ್ಲಿನ ಮೇಲೆ ಮೊದಲು ಸಿಕ್ಕಿದ್ದು 1915ರಲ್ಲಿ, ಮಸ್ಕಿಯಲ್ಲಿ. "ನಮ್ಮ ಜಿಲ್ಲಾದಾಗ!" ಅಂತ ಸರ್ ಮೇಜು ಗುದ್ದುತ್ತಿದ್ದರು. ತಾವೇ ಅಗೆದು ತೆಗೆದವರ ಹಾಗೆ.

ಒಂದು ಶನಿವಾರ ನಮ್ಮನ್ನೆಲ್ಲ ಅಶೋಕನ ಶಾಸನ ಇರುವ ಗವಿಮಠದ ಬೆಟ್ಟಕ್ಕೆ ನಡೆಸಿಕೊಂಡು ಹೋದರು. ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಹಿಂದಿನ ದಿನವೇ ಬೋರ್ಡಿನ ಮೇಲೆ ಆ ಶಾಸನದ ಬ್ರಾಹ್ಮಿ ಲಿಪಿ ಕಲಿಸಿದ್ದರು. ಕೂಡಿಸುವ ಗುರುತು ಹಾಕಿದರೆ 'ಕ'. ಗುಡಿಸಲಿನ ಸೂರಿನ ಹಾಗೆ ಎರಡು ಗೆರೆ ಎಳೆದರೆ 'ಗ'. ಸುಮ್ನೆ ಸೊನ್ನೆ ಸುತ್ತಿದರೆ 'ಠ'. ಬಂಡೆಯ ಮುಂದೆ ಕೂತು 'ಕ' ಎಲ್ಲಿದೆ ಅಂತ ನಾವು ಕಣ್ಣು ಕಿರಿದು ಮಾಡಿ ಹುಡುಕಿದೆವು. ಮೊದಲು ಕಂಡುಹಿಡಿದವನು ನಾನೇ. ಹೇಳಿಕೊಳ್ಳಬಾರದು, ಆದರೂ ಹೇಳಿದೆ.

ಅಲ್ಲೇ ಸರ್ ಅರ್ಥ ಬಿಡಿಸಿದರು. ಅಶೋಕ ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಗಿದೆ, ಆದರೆ ಒಂದು ವರ್ಷ ತಾನು ಅಷ್ಟಾಗಿ ಶ್ರಮಪಡಲಿಲ್ಲ ಅಂತ ತಾನೇ ಬರೆಸಿದ್ದಾನೆ. "ನೋಡ್ರಿಲೇ, ರಾಜ ಆದಂವ ನಾ ಸುಮ್ನ ಕುಂತಿದ್ದೆ ಅಂತ ಕಲ್ಲಿನ ಮ್ಯಾಲೆ ಒಪ್ಕೊಂಡಾನ. ನೀವು ಹೋಮ್‌ವರ್ಕ್ ಮಾಡಿಲ್ಲ ಅಂತ ಹೇಳಾಕ ಹೊಟ್ಟಿಬ್ಯಾನಿ ಅಂತೀರಿ!" ಮುಂದಿನ ಸಾಲು: ದೊಡ್ಡವರಷ್ಟೇ ಅಲ್ಲ, ಶ್ರಮಪಟ್ಟರೆ ಸಣ್ಣವರೂ ಸ್ವರ್ಗ ಪಡೆಯಬಹುದು. ಆಗ ಸರ್ ನಮ್ಮ ಕ್ಲಾಸಿನ ಗಿಡ್ಡನ ತಲೆ ಸವರಿದರು. ಅವನ ಮುಖ ಊರಗಲ ಆಯಿತು. ನನಗೆ ಹೊಟ್ಟೆ ಉರಿಯಿತು.

ಅಲ್ಲಿಂದ ಪಾಲ್ಕಿಗುಂಡಿಗೆ ಹೋದೆವು. ಮೇಲೆ ಎರಡು ಬಂಡೆಗಳ ಮೇಲೆ ಚಪ್ಪಡಿ ಹೊದಿಸಿದಂತೆ ನಿಂತ ಕಲ್ಲು, ಥೇಟ್ ಪಾಲಕಿ. ಎಲ್ಲರೂ ಬುತ್ತಿ ಬಿಚ್ಚುವಾಗ ನಾನು ಆಚೆ ಬಂಡೆಯೊಂದರ ಮೇಲೆ, ಕ್ಲಾಸಿನಿಂದ ಕದ್ದ ಚಾಕ್‌ಪೀಸಿನಲ್ಲಿ ದಪ್ಪಗೆ ಬರೆದೆ: 'ದೇವಾನಂಪ್ರಿಯ ಗಿಡ್ಡ'. ಶಾಸನದ ಬಂಡೆಯಲ್ಲ, ಅಷ್ಟು ಬುದ್ಧಿ ಇತ್ತು.

ಸರ್ ಕಣ್ಣಿಗೆ ಬಿತ್ತು. ಹೆಸರು ಯಾರದೋ ಅವನೇ ಕಳ್ಳ ಅಂತ ತೀರ್ಮಾನವಾಯಿತು. ಗಿಡ್ಡ ಎರಡು ಸಲ "ನಾನಲ್ರಿ ಸರ್" ಅಂದ, ಆಮೇಲೆ ಸುಮ್ಮನಾದ. ಕೆಳಗಿನಿಂದ ನೀರು ತಂದು, ತನ್ನ ಅಂಗಿ ತೋಯಿಸಿ ತಿಕ್ಕಿದ. ನಾನು ಒಂದು ಕೊಡ ನೀರು ಹೊತ್ತುಕೊಟ್ಟೆ. "ಗೆಳೆಯ ಅಂದ್ರ ಹಿಂಗಿರಬೇಕು" ಅಂತ ಸರ್ ಎಲ್ಲರ ಮುಂದೆ ನನ್ನ ಬೆನ್ನು ತಟ್ಟಿದರು.

ನನ್ನ ತಂಗಿಯ ಮಗ ಈಗ ಏಳನೇ ತರಗತಿ. ಅವನಿಗೂ ಪ್ರಾಚೀನ ನಾಗರಿಕತೆಗಳ ಪ್ರಾಜೆಕ್ಟ್ ಇದೆ. ಥರ್ಮೋಕೋಲಿನ ಪಿರಮಿಡ್ ಅಂಗಡಿಯಲ್ಲೇ ಸಿಗುತ್ತದೆ, ತಾಯಿ ತಂದುಕೊಡುತ್ತಾಳೆ. ಕಳಿಂಗ ಯುದ್ಧ ಯಾವಾಗ ಅಂದರೆ ನಾಲ್ಕು ಉತ್ತರದಲ್ಲಿ ಸರಿಯಾದ್ದಕ್ಕೆ ಪಟ್ಟನೆ ಟಿಕ್ ಹಾಕುತ್ತಾನೆ. ಕೊಪ್ಪಳದಲ್ಲೇ ಇದ್ದಾನೆ, ಪಾಲ್ಕಿಗುಂಡು ನೋಡಿಲ್ಲ. ಶಾಲೆಯವರಿಗೆ ಕೇಳಿದರೆ ಬಸ್ಸು, ಒಪ್ಪಿಗೆ ಪತ್ರ ಅಂತಾರೆ. ನಾವು ನಡೆದೇ ಹೋಗಿದ್ದೆವು, ಅಲ್ವಾ?

ಸರ್ ಮನೆಗೆ ಮೂರನೇ ದಿನ ಹೋದೆ. ಗಿಡ್ಡನೂ ಬಂದಿದ್ದ. ಈಗ ನನಗಿಂತ ಎತ್ತರ. ಅಂಗಳದಲ್ಲಿ ಸರ್ ಅವರ ಮೊಮ್ಮಕ್ಕಳನ್ನು ಕೂರಿಸಿಕೊಂಡು ಪಾಲ್ಕಿಗುಂಡಿನ ಕಥೆ ಹೇಳುತ್ತಿದ್ದ. "ನಾನು ಭಾರೀ ತುಂಟ ಇದ್ದೆ. ಅಶೋಕನ ಹಂಗ ನಂದೂ ಹೆಸರು ಕಲ್ಲಿನ ಮ್ಯಾಲೆ ಬರದುಬಿಟ್ಟೆ. ನಿಮ್ಮ ಅಜ್ಜಾರು ನನ್ನ ಕಡೆಯಿಂದನ ತೊಳಿಸಿದ್ರು!" ಮಕ್ಕಳು ಬಿದ್ದು ಬಿದ್ದು ನಕ್ಕರು. ನನ್ನ ಕಡೆ ತಿರುಗಿ, "ಹೌದಲ್ಲೋ? ನೀನ ನೀರು ತಂದುಕೊಟ್ಟಿದ್ದಿ" ಅಂದ.

ಹೌದು ಅಂದೆ.

ಗಿಡ್ಡಾ, ಈ ಸಂಚಿಕೆ ನಿನಗೂ ಬರುತ್ತದೆ. ಬರೆದದ್ದು ನಾನು.