ಸ್ಕೇಟಿಂಗ್ ಸರಿ, ಮುಂದೇನು?

ಮದುವೆ ಮನೆಯಲ್ಲಿ ಪಾಯಸ ಬರುವ ಹೊತ್ತಿಗೆ ಪಕ್ಕದ ಎಲೆಯವರು ಕೇಳಿಯೇ ಕೇಳುತ್ತಾರೆ: "ಮಗಳು ಇನ್ನೂ ಸ್ಕೇಟಿಂಗ್ ಮಾಡ್ತಾಳಾ? ಅದ್ರಲ್ಲಿ ಮುಂದೆ ಏನಿದೆ ಮಾರಾಯ್ತಿ?" ಟಿವಿಯಲ್ಲಿ ಐಸ್ ಮೇಲೆ ಗಿರಗಿರ ತಿರುಗುವ ಹುಡುಗಿಯರನ್ನು ನೋಡಿದವರಾದರೆ, "ಒಲಿಂಪಿಕ್ಸ್ ಯಾವಾಗ?"

ಎರಡನೆಯದಕ್ಕೆ ಉತ್ತರ ಸುಲಭ. ಒಲಿಂಪಿಕ್ಸ್ ಇಲ್ಲ. ನನ್ನ ಮಗಳದು ಐಸ್ ಅಲ್ಲ, ಗಾಲಿ. ಜಿಗಿತ, ಗಿರಕಿ, ಹಾಡಿಗೆ ತಕ್ಕ ಹೆಜ್ಜೆ ಎಲ್ಲ ಅದೇ. ಬ್ಲೇಡಿನ ಜಾಗದಲ್ಲಿ ನಾಲ್ಕು ಚಕ್ರ, ಅಷ್ಟೇ. ಆರ್ಟಿಸ್ಟಿಕ್ ರೋಲರ್ ಸ್ಕೇಟಿಂಗ್ ಅನ್ನುತ್ತಾರೆ. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಇದು ಇತ್ತು. ಹೈದರಾಬಾದಿನ ಅನೂಪ್ ಕುಮಾರ್ ಯಾಮಾ ಅಲ್ಲಿ ಎರಡು ಕಂಚು ಗೆದ್ದರು, ಒಂದು ತಾವೊಬ್ಬರೇ, ಇನ್ನೊಂದು ಅವನಿ ಪಾಂಚಾಲ್ ಜೊತೆ. 2015ರಲ್ಲಿ ಅರ್ಜುನ ಪ್ರಶಸ್ತಿಯೂ ಬಂತು. ಅಂಥವರ ಹೆಸರೇ ಊಟಕ್ಕೆ ಕೂತ ಆ ಸಾಲಿನಲ್ಲಿ ಒಬ್ಬರಿಗೂ ಗೊತ್ತಿರುವುದಿಲ್ಲ. ಹಾಗಾಗಿ 'ಮುಂದೇನು' ಅಂತ ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ.

ಚಿಕ್ಕಮಗಳೂರಿನ ಆಲ್ದೂರಿನ ಹತ್ತಿರ ನಮ್ಮದು ಆರು ಎಕರೆ ಕಾಫಿ ತೋಟ. ಕಾಫಿ ಒಣಗಿಸುವ ಸಿಮೆಂಟ್ ಕಣವೇ ಅವಳ ರಿಂಕ್. ಅರೇಬಿಕಾ ಹಣ್ಣು ಕುಯ್ಲು ಶುರುವಾದಾಗಿನಿಂದ ರೊಬಸ್ಟಾ ಒಣಗಿ ಮೂಟೆ ಸೇರುವ ತನಕ, ಅಂದರೆ ಸುಮಾರು ಮಾರ್ಚ್‌ವರೆಗೆ, ಕಣ ಕಾಫಿಯದು. ಜೂನ್‌ನಿಂದ ಸೆಪ್ಟೆಂಬರ್ ಮಳೆಯದು. ಪಾಚಿ ಕಟ್ಟಿ ಬರಿಗಾಲಲ್ಲೇ ಜಾರುತ್ತದೆ. ಉಳಿದ ತಿಂಗಳುಗಳು ಅವಳವು. ಆಟ ಮುಗಿಸಿ ಬಂದು ಗಾಲಿ ಬಿಚ್ಚಿ, ಬೇರಿಂಗ್‌ಗಳನ್ನು ಹಳೇ ಸ್ಟೀಲ್ ಬಟ್ಟಲಿನ ಸೀಮೆಎಣ್ಣೆಯಲ್ಲಿ ನೆನೆಹಾಕುತ್ತಾಳೆ. ಟೂತ್‌ಬ್ರಷ್‌ನಲ್ಲಿ ಉಜ್ಜಿದರೆ ಕಂದು ಬಣ್ಣದ ಗಸಿ ಇಳಿಯುತ್ತದೆ: ಕಾಫಿ ಸಿಪ್ಪೆಯ ಪುಡಿ. ಒರೆಸಿ, ಒಣಗಿಸಿ, ಹೊಲಿಗೆ ಮಿಷನ್ನಿನ ಎಣ್ಣೆ ಒಂದೊಂದು ತೊಟ್ಟು ಬಿಟ್ಟು, ಕಿವಿಯ ಹತ್ತಿರ ಹಿಡಿದು ತಿರುಗಿಸುತ್ತಾಳೆ. ಚರಚರ ಅಂದರೆ ಮತ್ತೆ ಸೀಮೆಎಣ್ಣೆಗೆ. ಗಣಿತದ ಹೋಂವರ್ಕ್‌ನಲ್ಲಿ ಈ ಶ್ರದ್ಧೆಯ ಕಾಲುಭಾಗ ಕಂಡಿಲ್ಲ.

ಅವಳಿಗೆ ಹನ್ನೊಂದು ತುಂಬಿದ ವರ್ಷ, ಬೆಂಗಳೂರಿನಲ್ಲಿ ಆಗ ಕಲಿಸುತ್ತಿದ್ದ ಕೋಚ್ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಉದ್ದ ಬೆಳೆಯೋದ್ರೊಳಗೆ ಡಬಲ್ ಜಂಪ್ ಎಲ್ಲ ಕೂರಿಸಿಬಿಡ್ಬೇಕು ಮೇಡಂ. ಆಮೇಲೆ ಕಷ್ಟ." ಡಬಲ್ ಅಂದರೆ ಗಾಳಿಯಲ್ಲೇ ಎರಡು ಸುತ್ತು. ಲೆಕ್ಕ ಸುಳ್ಳಲ್ಲ. ಸಣ್ಣ, ಸಪೂರ ಮೈ ಗಾಳಿಯಲ್ಲಿ ಬೇಗ ತಿರುಗುತ್ತದೆ. ಸೊಂಟ, ಭುಜ ಅಗಲವಾದಂತೆ ಅದೇ ಜಿಗಿತ ಭಾರವಾಗುತ್ತದೆ. ಆ ಬೇಸಿಗೆಯಿಡೀ ಹಾರಿದಳು. ಇಳಿಯುವುದೆಲ್ಲ ಬಲಗಾಲಿನ ಮೇಲೆ, ಅದೂ ಸಿಮೆಂಟಿಗೆ. ಮೇ ಕೊನೆಗೆ ಬೆಳಿಗ್ಗೆ ಎದ್ದು ಬಚ್ಚಲಿಗೆ ಕುಂಟುತ್ತಾ ಹೋಗುವುದನ್ನು ನೋಡಿದೆ. ಬೆಳೆಯುವ ವಯಸ್ಸಿನ ಹಿಮ್ಮಡಿ ಮೂಳೆ, ಇಷ್ಟು ಕುಕ್ಕಿದರೆ ತಡೆಯಲ್ಲ ಅಂದರು ಮೂಳೆ ಡಾಕ್ಟರು. ಮೂರು ತಿಂಗಳು ಶೂ ಅಟ್ಟ ಸೇರಿತು. ಕೋಚ್ ಬದಲಾದರು. ಅವರನ್ನು ಮಾತ್ರ ದೂರುವಂತಿಲ್ಲ, ಫೀಸು ಕಟ್ಟಿ ಹೂಂ ಅಂದವಳು ನಾನೇ.

ಆ ಮಳೆಗಾಲ ಐಸ್ ಸ್ಕೇಟರ್‌ಗಳ ಬದುಕನ್ನು ಹುಡುಕಿ ಹುಡುಕಿ ಓದಿದೆ. ಅಮೆರಿಕದ ತಾರಾ ಲಿಪಿನ್ಸ್ಕಿ 1998ರ ನಗಾನೊ ಒಲಿಂಪಿಕ್ಸ್‌ನಲ್ಲಿ ಹದಿನೈದಕ್ಕೇ ಚಿನ್ನ ಗೆದ್ದು, ಎರಡು ವರ್ಷಕ್ಕೆ ಸೊಂಟದ ಆಪರೇಷನ್ ಮಾಡಿಸಿಕೊಂಡಳು. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಹದಿನೈದಕ್ಕೆ ತಂಡದ ಚಿನ್ನ ಗೆದ್ದ ರಷ್ಯಾದ ಯೂಲಿಯಾ ಲಿಪ್ನಿಟ್ಸ್ಕಾಯಾ ಹತ್ತೊಂಬತ್ತಕ್ಕೆ ನಿವೃತ್ತಿ. ಊಟ ಸೇರದ ಕಾಯಿಲೆಗೆ ಚಿಕಿತ್ಸೆ ಪಡೆಯಬೇಕಾಯಿತು. ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಹದಿನೈದರ ಕಮಿಲಾ ವಲಿಯೇವಾಳ ಡೋಪಿಂಗ್ ಗಲಾಟೆ ಆದಮೇಲೆ, 2022ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಸೀನಿಯರ್ ವಿಭಾಗದ ಕನಿಷ್ಠ ವಯಸ್ಸನ್ನು ಹಂತಹಂತವಾಗಿ 15ರಿಂದ 17ಕ್ಕೆ ಏರಿಸಿತು. ನನಗೆ ಹಿಡಿಸಿದವಳು ಅಲಿಸಾ ಲಿಯು. ಹದಿಮೂರಕ್ಕೆ ಅಮೆರಿಕದ ಚಾಂಪಿಯನ್, ಹದಿನಾರಕ್ಕೆ ಸಾಕು ಅಂತ ಬಿಟ್ಟಳು. ಕಾಲೇಜು ಸೇರಿದಳು, ಬೆಟ್ಟ ಹತ್ತಿದಳು. ಮತ್ತೆ ಮನಸ್ಸಾಗಿ ಬಂದವಳು 2025ರ ಮಾರ್ಚ್‌ನಲ್ಲಿ, ಹತ್ತೊಂಬತ್ತರಲ್ಲಿ, ಬಾಸ್ಟನ್‌ನಲ್ಲಿ ವಿಶ್ವ ಚಾಂಪಿಯನ್.

ಹಾಗಾಗಿ ಮೊದಲ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಮುಂದೆ ಏನಿದೆಯೋ ನೋಡೋಣ, ಅವಸರ ಇಲ್ಲ. ಸ್ಪೋರ್ಟ್ಸ್ ಕೋಟಾದ ಸೀಟು ಸಿಗುತ್ತದೆ ಅಂತ ಮಾಡಿಸುತ್ತಿಲ್ಲ. ಈಗ ದಿನಕ್ಕೆ ಇಷ್ಟೇ ಜಿಗಿತ ಅಂತ ಲೆಕ್ಕ ಇದೆ, ಅದನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಅವಳೇ ಗೀಟು ಹಾಕಿ ಬರೆಯುತ್ತಾಳೆ. ಕಳ್ಳಲೆಕ್ಕವೂ ಇರಬಹುದು, ನಾನು ತೋಟದಲ್ಲಿದ್ದಾಗ ಕಣದ ಕಡೆಯಿಂದ ಧಡ್ ಅಂತ ಸದ್ದು ಕೇಳುತ್ತಿರುತ್ತದೆ. ಈಗವಳಿಗೆ ಹದಿಮೂರು, ಲಂಗ ಮೊಣಕಾಲಿಗೆ ಬಂದಿದೆ, ಕಳೆದ ವರ್ಷ ಬರುತ್ತಿದ್ದ ಒಂದು ಜಂಪ್ ಈ ವರ್ಷ ತಪ್ಪುತ್ತಿದೆ. ಅತ್ತಳು. ಹೊಸ ಕೋಚ್, "ಕಾಲು ಉದ್ದ ಆಗಿದೆ, ಲೆಕ್ಕ ಹೊಸದಾಗಿ ಕಲೀಬೇಕು" ಅಂದರು.

ಹೋದ ಭಾನುವಾರ ನಾದಿನಿ ನನ್ನನ್ನು ಬಿಟ್ಟು ಅವಳನ್ನೇ ಕೇಳಿದಳು, "ಏನೇ ಪುಟ್ಟಿ, ಮುಂದೇನು?" ಅವಳು, "ಹಣ್ಣು ಕುಯ್ಯೋಕೆ ಇನ್ನು ಐದೇ ವಾರ ಇದೆ ಅತ್ತೆ, ಅಮ್ಮ ನೋಡಿದ್ರೆ ಈಗ ಕಣ ರಿಪೇರಿ ಮಾಡಿಸ್ತಿದಾಳೆ" ಅಂದಳು. ನಿಜ. ಬಿರುಕು ಬಿಟ್ಟಲ್ಲಿ ಸಿಮೆಂಟ್ ಹಾಕಿಸಿದ್ದೇನೆ, ಏಳು ದಿನ ನೀರು ಕುಡಿಸಬೇಕು. ಇವತ್ತಿಗೆ ಮೂರನೇ ದಿನ, ಇನ್ನೂ ಮಾತು ಬಿಟ್ಟಿದ್ದಾಳೆ.