ಬಚ್ಚಲ ಒಲೆ ಮೇಲೆ ಬೂಟು
ಜುಲೈ 23, 2025, ಬುಧವಾರ
ತೀರ್ಥಹಳ್ಳಿ

ಪುಷ್ಯ ಮಳೆ ಹಿಡಿದುಕೊಂಡಿದೆ. ಮಧ್ಯಾಹ್ನ ಹೋದ ಕರೆಂಟ್ ಇನ್ನೂ ಬಂದಿಲ್ಲ. ಮೊಬೈಲಿನಲ್ಲಿ ಚಾರ್ಜ್ ಇರುವಷ್ಟು ಬರೆಯುತ್ತೇನೆ.

ಸಂಜೆ ಸ್ನಾನಕ್ಕೆ ಅಂತ ಹೋದರೆ ಬಚ್ಚಲ ಒಲೆಯ ಮೇಲಿನ ತಂತಿಯಲ್ಲಿ ನನ್ನ ಬೂಟು ನೇತಾಡುತ್ತಿದೆ! ಎರಡರ ಲೇಸೂ ಸೇರಿಸಿ ಗಂಟು ಹಾಕಿ, ಟವೆಲು ಪಂಚೆಗಳ ಮಧ್ಯೆ. ಅಮ್ಮನ ಕೆಲಸ. ಒಲೆಯಲ್ಲಿ ಅಡಿಕೆ ಹಾಳೆ ಧಗಧಗ ಉರಿಯುತ್ತಿತ್ತು. ಓಡಿ ಹೋಗಿ ತೆಗೆದೆ. ಮೂತಿ ಮುಟ್ಟಿದರೆ ಬಿಸಿ, ಒಳಗೆ ಕೈ ಹಾಕಿದರೆ ಇನ್ನೂ ತಣ್ಣಗೆ ಒದ್ದೆ.

"ಯಾಕೆ ತೆಗೆದ್ಯೋ? ಇನ್ನೂ ಒಣಗಿಲ್ಲ."

"ಚರ್ಮ ಅಮ್ಮ, ಬೆಂಕಿ ಹತ್ರ ಇಡಬಾರದು. ಬಿರುಕು ಬಿಡುತ್ತೆ."

"ಈ ಮಳೇಲಿ ಬೆಂಕಿ ಇಲ್ದೆ ಏನು ಒಣಗುತ್ತೆ ಹೇಳು. ಬಟ್ಟೆ, ಸೌದೆ, ಹಪ್ಪಳ, ಎಲ್ಲ ಇಲ್ಲೇ ಒಣಗಿದ್ದು. ನಿನ್ನ ಬೂಟೇನು ಮೇಲಿಂದ ಇಳಿದು ಬಂದಿದ್ಯಾ?"

ಒದ್ದೆ ಚರ್ಮಕ್ಕೆ ಜೋರು ಬಿಸಿ ತಾಗಿದರೆ ಮುದುಡುತ್ತೆ, ಆಮೇಲೆ ಮರಗಟ್ಟುತ್ತೆ, ಅಡಿಯ ಅಂಟೂ ಸಡಿಲವಾಗುತ್ತೆ ಅಂತ ವಿವರಿಸಿದೆ. ಒಳಗೆ ಪೇಪರ್ ತುರುಕಿ, ಅದು ನೀರು ಹೀರಿದ ಮೇಲೆ ಬೇರೆ ತುರುಕಿ, ಗಾಳಿಯಾಡುವ ಕಡೆ ನೆರಳಲ್ಲಿ ಇಡಬೇಕು. ನಾಲಿಗೆ ಹೊರಗೆ ಎಳೆದು, ಲೇಸು ಬಿಚ್ಚಿ. ಅಮ್ಮ ಪೂರ್ತಿ ಕೇಳಿಸಿಕೊಂಡಳು.

"ಬೂಷ್ಟು ಬಂದ್ರೆ?"

"ಒರೆಸೋದು."

"ದಿನಾ?"

"ಮಳೆಗಾಲದಲ್ಲಿ ಹೆಚ್ಚುಕಮ್ಮಿ ದಿನಾ."

"ಒಂದು ಹಸುಗೆ ಇಷ್ಟು ಮಾಡಿದ್ರೆ ಹಾಲಾದ್ರೂ ಕೊಡ್ತಿತ್ತು."

ಇದಕ್ಕೆ ಏನು ಉತ್ತರ ಕೊಡೋದು?

ಗಂಬೂಟು ಹಾಕು ಅಂತ ಊರಿಗೆ ಊರೇ ಹೇಳಿ ಆಗಿದೆ. ಗಂಬೂಟು ನನಗೂ ಗೊತ್ತು. ಸಮ ನೆಲದಲ್ಲಿ ಅದರಷ್ಟು ಸುಖ ಇಲ್ಲ. ಕಡಿದಾದ ಧರೆ ಹತ್ತುವಾಗ ಒಳಗೆ ಕಾಲು ಜಾರುತ್ತೆ, ಕಾಲಿನ ಹರಡಿಗೆ ಹಿಡಿತವಿಲ್ಲ, ಮೇಲಿನ ಬಾಯಿಯಿಂದ ರಕ್ತ ಹೀರುವ ಉಂಬಳ ಇಳಿದರೆ ಸಂಜೆಯವರೆಗೂ ಗೊತ್ತೇ ಆಗೋದಿಲ್ಲ. ಈ ಬೂಟು ಬಿಗಿದು ಕಟ್ಟಿದರೆ ಪಾದಕ್ಕೆ ಅಂಟಿಕೊಂಡೇ ಬರುತ್ತೆ. ಬಲಗಾಲಿನ ಕಿರುಬೆರಳ ಪಕ್ಕ ಸ್ವಲ್ಪ ಉಬ್ಬಿದೆ, ನನ್ನ ಕಾಲು ಇದ್ದ ಹಾಗೆ. ಎಡಗಾಲಿನ ಮೂತಿ ಮೇಲೆ ನೀಲಿ ಚುಕ್ಕೆಗಳಿವೆ. ಹೋದ ವರ್ಷ ಅಡಿಕೆ ಮರ ಹತ್ತುವ ಕೊನೆಗೌಡ ಮೇಲಿಂದ ಕೊಳೆರೋಗದ ಔಷಧಿ ಬೋರ್ಡೊ ಹೊಡೆಯುವಾಗ ಕೆಳಗೆ ನಿಂತು ಅಡಿಕೆ ಗೊನೆ ನೋಡುತ್ತಿದ್ದೆ, ಆಗ ಬಿದ್ದಿದ್ದು. ಅದರಲ್ಲಿರುವ ಮೈಲುತುತ್ತದ ಬಣ್ಣ, ಎಷ್ಟು ತಿಕ್ಕಿದರೂ ಹೋಗಲಿಲ್ಲ. ಈಗ ಅದು ಇರಲಿ ಅನ್ನಿಸುತ್ತೆ.

ಅಡಿಕೆಗೆ ಕೊಳೆ, ಬೂಟಿಗೆ ಬೂಷ್ಟು. ಎರಡಕ್ಕೂ ಬೇಕಾಗಿರುವುದು ಈ ಬಿಡದ ಮಳೆಯೇ. ಅಮ್ಮನೇ ಹೇಳಿದಳು, "ಹಾಗಾದ್ರೆ ಅದಕ್ಕೂ ಶೇಕಡಾ ಒಂದರ ಬೋರ್ಡೊ ಹೊಡಿ." ತಾನೇ ನಕ್ಕಳು. ಆಮೇಲೆ ಅಡಿಕೆ ಸುದ್ದಿ ಬಂತು, ನಗು ನಿಂತಿತು. ಎರಡನೇ ಔಷಧಿಗೆ ಮಳೆ ಬಿಡುವು ಕೊಡುತ್ತಿಲ್ಲ. ಕೆಳಗಿನ ತೋಟದಲ್ಲಿ ಉದುರಲು ಶುರುವಾಗಿದೆ. ಇವತ್ತು ಹೆಕ್ಕಿ ತಂದ ಕಾಯಿಯ ಮೇಲೆ ಬಿಳಿ ಬೂಷ್ಟು ಕಂಡು ಏನೂ ಮಾತಾಡದೆ ಬುಟ್ಟಿ ಪಕ್ಕಕ್ಕಿಟ್ಟೆ.

ಭಾವನ ಬೂಟಿನ ಕಥೆ ಇಲ್ಲಿ ಬರೆಯಲೇಬೇಕು. ಚೆನ್ನಾಗಿರಲಿ ಅಂತ ಪೆಟ್ಟಿಗೆಯಲ್ಲಿಟ್ಟು ಅಟ್ಟಕ್ಕೆ ಹಾಕಿದ್ದರು. ಕೊಡಚಾದ್ರಿಗೆ ಅಂತ ತೆಗೆದು ಹಾಕಿಕೊಂಡರೆ ಅರ್ಧ ದಾರಿಯಲ್ಲಿ ಅಡಿ ಹುಡಿಹುಡಿ. ಮೇಲಿನ ಚರ್ಮಕ್ಕೆ ಏನೂ ಆಗಿರಲಿಲ್ಲ! ಆ ಪಾಲಿಯುರಿಥೇನ್ ಅನ್ನೋ ಪ್ಲಾಸ್ಟಿಕ್ ಅಡಿಯ ಕಥೆಯೇ ಅಷ್ಟು. ಹಾಕಲಿ ಬಿಡಲಿ, ಗಾಳಿಯ ತೇವಕ್ಕೆ ಒಳಗಿಂದೊಳಗೇ ಕೆಡುತ್ತಾ ಬರುತ್ತೆ. ನನ್ನದು ರಬ್ಬರ್ ಅಡಿ, ಸುತ್ತ ಹೊಲಿಗೆ. ಸವೆದರೆ ಬಿಚ್ಚಿ ಬೇರೆ ಹಾಕಬಹುದು. ಹಾಕುವವರು ಬೇಕು, ಅಷ್ಟೇ.

ಶಿವಮೊಗ್ಗದಲ್ಲಿ ಬಿ.ಎಚ್. ರಸ್ತೆಯ ಬದಿಯಲ್ಲಿ ಒಬ್ಬರು ಕೂರುತ್ತಾರೆ. ಹೋದ ಸಲ ಹಿಮ್ಮಡಿ ಹೊಲಿಸಿದ್ದು ಅವರ ಹತ್ತಿರ. ದಾರಕ್ಕೆ ಮೇಣ ಎಳೆದು, ಚರ್ಮ ಕೊಯ್ಯುವ ರಂಪಿಗೆಯಲ್ಲಿ ಹಳೆ ಅಂಟು ಕೆರೆದು, ಆಮೇಲೆ ಚರ್ಮವನ್ನು ಮಡಚಿ ಮೂಗಿನ ಹತ್ತಿರ ಹಿಡಿದರು. "ಕ್ರೋಮ್ ಅನ್ನೋ ಕೆಮಿಕಲ್‌ನಲ್ಲಿ ಹದ ಮಾಡಿದ್ದು ಸಾರ್ ಇದು. ನಮ್ಮಪ್ಪನ ಕಾಲದಲ್ಲಿ ತಂಗಡಿ ತೊಗಟೆ, ಅಣಲೆಕಾಯಲ್ಲಿ ಹದ ಮಾಡಿದ್ದು ಬರ್ತಿತ್ತು. ಆ ವಾಸನೆನೇ ಬೇರೆ." ಒದ್ದೆ ಇರುವಾಗ ಮಾತ್ರ ಮೇಣ ಹಚ್ಚಬೇಡಿ, ನೀರು ಒಳಗೇ ಕೂರುತ್ತೆ ಅಂದರು. ಅಮ್ಮನಿಗೆ ಇದನ್ನು ಹೇಳಿದಾಗ ಅವಳಿಗೆ ಬೂಟು ಮರೆತೇ ಹೋಯಿತು. ಚಿಕ್ಕವಳಿದ್ದಾಗ ಕಾಡಲ್ಲಿ ಅಣಲೆಕಾಯಿ ಹೆಕ್ಕಿ ಮಾರುತ್ತಿದ್ದರಂತೆ. ಏನಕ್ಕೆ ಒಯ್ಯುತ್ತಾರೆ ಅಂತ ಯಾರೂ ಕೇಳಿರಲಿಲ್ಲವಂತೆ. "ಚರ್ಮಕ್ಕಾ?" ಅಂತ ಎರಡು ಸಲ ಕೇಳಿದಳು.

ನಾಳೆ ಭೀಮನ ಅಮಾವಾಸ್ಯೆ. "ಪೂಜೆ ಮಾಡಿಸಿಕೊಳ್ಳೋ ಕಾಲು, ಬೆಳಿಗ್ಗೆ ಚೆನ್ನಾಗಿ ಉಜ್ಜಿ ತೊಳ್ಕೊಂಡು ಬನ್ನಿ" ಅಂತ ಹೆಂಡತಿ ಈಗಲೇ ಹೇಳಿದ್ದಾಳೆ. ಬೂಟಿನ ವಾಸನೆ ಅಡುಗೆಮನೆ ತನಕ ಬಂದಿದೆಯಂತೆ. ಜಗಲಿಗೆ ತಂದಿಟ್ಟೆ.

ಬಲಗಾಲಿನ ಅಡಿ ಹೊರಗಿನ ಅಂಚಲ್ಲಿ ಬಾಯಿ ಬಿಡುತ್ತಿದೆ. ಶನಿವಾರ ಶಿವಮೊಗ್ಗಕ್ಕೆ ಒಯ್ಯೋಣ ಅಂದರೆ ಶನಿವಾರವೇ ಹೊಸನಗರದ ಕಡೆ ಎರಡು ತೋಟ ನೋಡಬೇಕು, ಅಲ್ಲಿಗೆ ಹೋಗಲು ಇದೇ ಬೂಟು ಬೇಕು. ಮಳೆ ಜೋರಿದ್ದರೆ ಬೂಟು ಹೊಲಿಯುವವರೂ ರಸ್ತೆ ಬದಿ ಕೂರುವುದಿಲ್ಲ. ಬಸ್ಸಿನಲ್ಲಿ ಯಾರ ಕೈಲಾದರೂ ಕಳಿಸೋಣವೆಂದರೆ ಒಬ್ಬರ ಬೂಟನ್ನು ಇನ್ನೊಬ್ಬರು ಹೇಗೆ