ಕಾರಿನ ಬಾಗಿಲಿನಿಂದ ಅಪ್ಪನ ಕೋಣೆಗೆ: ಸ್ಪೀಕರ್ ಪೆಟ್ಟಿಗೆಯ ಕೆಲಸ ಇಲ್ಲಿಯವರೆಗೆ

ಮೇ 18, ಡೊಂಬಿವಲಿ

ಭಾವನವರು ತಮ್ಮ ಹಳೆಯ ಕಾರನ್ನು ಮಾರುವ ಮುನ್ನ ಅದರ ಮುಂಬಾಗಿಲುಗಳಲ್ಲಿದ್ದ ಆರೂವರೆ ಇಂಚಿನ ಎರಡು ಸ್ಪೀಕರ್‌ಗಳನ್ನು ಬಿಚ್ಚಿಸಿ ನನಗೆ ಕೊಟ್ಟರು. ಕೋನ್ ಎಲ್ಲಿಯೂ ಹರಿದಿಲ್ಲ, ಅಂಚಿನ ರಬ್ಬರ್ ಇನ್ನೂ ಮೆತ್ತಗಿದೆ, ನಡುವಿನ ಕಂಬದ ಮೇಲೆ ಎತ್ತರದ ಸ್ವರಗಳಿಗೆಂದೇ ಇರುವ ಪುಟ್ಟ ಟ್ವೀಟರ್ ಕುಳಿತಿದೆ. ಅಪ್ಪ ಊರಿನಿಂದ ತಂದಿಟ್ಟುಕೊಂಡ ತಾಳಮದ್ದಳೆಯ (ವೇಷ, ಕುಣಿತಗಳಿಲ್ಲದೆ ಹಾಡು ಮತ್ತು ಮಾತಿನಲ್ಲೇ ನಡೆಯುವ ಯಕ್ಷಗಾನ) ಕ್ಯಾಸೆಟ್‌ಗಳನ್ನು ಕಳೆದ ವರ್ಷ ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿದ್ದೇನೆ. ಆದರೆ ಅವರು ಅವನ್ನು ಕೇಳುವುದು ಫೋನಿನ ಕಿರುದನಿಯಲ್ಲಿ, ಅದನ್ನು ಕಿವಿಗೆ ಹಿಡಿದುಕೊಂಡು. ಈ ಜೋಡಿಯಿಂದ ಅವರ ಕೋಣೆಗೆ ಎರಡು ಪೆಟ್ಟಿಗೆಗಳನ್ನು ಮಾಡಿಕೊಡಬೇಕೆಂದು ಹೊರಟಿದ್ದೇನೆ.

ಸ್ಪೀಕರಿನ ಹಿಂದೆ 250 ವ್ಯಾಟ್ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದರೂ ಅದರ ಕೆಳಗೆ ಸಣ್ಣಕ್ಷರದಲ್ಲಿರುವ 40 ವ್ಯಾಟ್ ಆರ್‌ಎಂಎಸ್, ಅಂದರೆ ಸತತವಾಗಿ ತಾಳಬಲ್ಲ ಶಕ್ತಿ, ಎಂಬುದೇ ನಂಬಬೇಕಾದ ಅಂಕಿ. ಅದಕ್ಕಿಂತಲೂ ಗಮನಿಸಬೇಕಾದದ್ದು 4 ಓಮ್ ಎಂಬ ಬರಹ, ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ. ಎಂಜಿನ್ ಓಡುತ್ತಿರುವಾಗ ಕಾರಿನಲ್ಲಿ ಸಿಗುವುದು ಸುಮಾರು 14.4 ವೋಲ್ಟ್, ಅಷ್ಟರಲ್ಲಿ 8 ಓಮ್ ಸ್ಪೀಕರಿಗೆ ದನಿ ಒಡೆಯದಂತೆ ಕೊಡಬಹುದಾದ ಶಕ್ತಿ 13 ವ್ಯಾಟ್ ದಾಟದು, 4 ಓಮ್ ಆದರೆ 26 ವ್ಯಾಟ್‌ವರೆಗೆ ಏರಬಹುದು. ಕಾರಿನ ಸ್ಪೀಕರ್‌ಗಳನ್ನು 4 ಓಮ್‌ಗೆ ಮಾಡುವುದು ಇದಕ್ಕಾಗಿಯೇ. ನಮ್ಮ ಮನೆಯಲ್ಲಿರುವ ಹಳೆಯ ಆಂಪ್ಲಿಫೈಯರ್ 8 ಓಮ್‌ಗೆಂದು ಮಾಡಿದ್ದು. ಅದಕ್ಕೆ ಇವನ್ನು ಜೋಡಿಸಿದರೆ ಇಮ್ಮಡಿ ಕರೆಂಟ್ ಹರಿದು ಟ್ರಾನ್ಸಿಸ್ಟರ್‌ಗಳು ಬಿಸಿಯೇರುತ್ತವೆ. ಆದ್ದರಿಂದ ಬೇರೆ ಆಂಪ್ಲಿಫೈಯರ್ ಬೋರ್ಡ್ ತರುವುದೆಂದು ತೀರ್ಮಾನಿಸಿದೆ.

ಮೇ 25

ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿಗೆ ಹೋಗಿ, ಲ್ಯಾಮಿಂಗ್ಟನ್ ರಸ್ತೆಯಲ್ಲಿ ಟಿಪಿಎ3116 ಚಿಪ್ ಇರುವ ಸ್ಟೀರಿಯೋ ಬೋರ್ಡ್ ಕೊಂಡೆ. ಈ ಚಿಪ್ 4 ಓಮ್ ಸ್ಪೀಕರನ್ನು ನಿರಾಯಾಸವಾಗಿ ನಡೆಸುತ್ತದೆ, 26 ವೋಲ್ಟ್‌ವರೆಗೆ ತಾಳುತ್ತದೆ. ಆದ್ದರಿಂದ ಕೆಟ್ಟುಹೋದ ಲ್ಯಾಪ್‌ಟಾಪಿನ 19 ವೋಲ್ಟ್ ಚಾರ್ಜರ್ ಇದಕ್ಕೆ ಸಾಕಾಯಿತು.

ಮೊದಲ ದಿನವೇ ಒಂದು ತಪ್ಪು ಮಾಡಿದೆ. ಹಳೆಯ ಕ್ಯಾಸೆಟ್ ಪ್ಲೇಯರಿನ ವೈರನ್ನೇ ಬಳಸಿದ್ದೆ. ಅದರಲ್ಲಿ ಎಡ ಮತ್ತು ಬಲ ಸ್ಪೀಕರ್‌ಗಳೆರಡಕ್ಕೂ ಮೈನಸ್ ತಂತಿ ಒಂದೇ. ಈ ಬಗೆಯ ಬೋರ್ಡಿನಲ್ಲಿ ಪ್ಲಸ್ ಮಾತ್ರವಲ್ಲ, ಮೈನಸ್ ತುದಿಯಲ್ಲಿಯೂ ಸಂಕೇತ ಹರಿಯುತ್ತಿರುತ್ತದೆ. ಎರಡು ಮೈನಸ್‌ಗಳನ್ನು ಸೇರಿಸಿದೊಡನೆ ಅವು ಒಂದರೊಡನೊಂದು ಶಾರ್ಟ್ ಆಗಿ ಬೋರ್ಡ್ ಟಕ್ ಎಂದು ಸದ್ದು ಮಾಡಿ ಮೌನವಾಯಿತು. ಚಿಪ್ಪಿನೊಳಗಿನ ರಕ್ಷಣೆ ಅದನ್ನು ಉಳಿಸಿತು. ಈಗ ಪ್ರತಿ ಸ್ಪೀಕರಿಗೂ ತನ್ನದೇ ಎರಡು ತಂತಿಗಳಿವೆ. ಹಳೆಯ ವೈರಿಂಗನ್ನು ಮರುಬಳಕೆ ಮಾಡುವವರು ಇದನ್ನು ಮೊದಲು ನೋಡಿಕೊಳ್ಳಬೇಕು.

ಜೂನ್ 8

ಮನೆಯಲ್ಲಿದ್ದ ತೆಳು ಹಲಗೆಯ ಎರಡು ಮರದ ಡಬ್ಬಗಳಿಗೆ ತೂತು ಕೊರೆಸಿ ಸ್ಪೀಕರ್ ಕೂರಿಸಿದೆ. ಒಳಗಿನ ಗಾತ್ರ ಸುಮಾರು 8 ಲೀಟರ್. ಸಂಜೆ ಅಪ್ಪ ಒಂದು ಪ್ರಸಂಗವನ್ನು ಅರ್ಧ ಗಂಟೆ ಕೇಳಿ, "ಪದ್ಯ ಸರಿ ಉಂಟು. ಅರ್ಥ ಮಾತ್ರ ಕೊಡಪಾನದ ಒಳಗಿಂದ ಹೇಳಿದ ಹಾಗೆ ಕೇಳ್ತದೆ" ಎಂದರು.

ಅವರ ಮಾತು ಅಕ್ಷರಶಃ ನಿಜವಾಗಿತ್ತು. ಪದ್ಯ ಹಾಡುವ ಭಾಗವತರ ಎತ್ತರದ ಸ್ವರ ಸ್ವಚ್ಛವಾಗಿ ಬರುತ್ತಿತ್ತು. ಪಾತ್ರವಾಗಿ ಮಾತಾಡುವ, ಅಂದರೆ ಅರ್ಥ ಹೇಳುವ ಅರ್ಥಧಾರಿ ಗಂಭೀರವಾಗಿ ಮಾತಿಗಿಳಿದ ಕೂಡಲೇ ಪ್ರತಿ ಶಬ್ದಕ್ಕೂ ಒಂದು ಗುಂಯ್ ಎಂಬ ಬಾಲ ಅಂಟಿಕೊಳ್ಳುತ್ತಿತ್ತು.

ಜೂನ್ 15

ಗುಂಯ್‌ಗುಡುವಿಕೆಯ ಕಾರಣ ಹುಡುಕಲು ಸ್ಪೀಕರನ್ನೇ ಅಳೆದೆ. ಒಂದು ಸ್ಪೀಕರ್ ಯಾವ ಪೆಟ್ಟಿಗೆಯಲ್ಲಿ ಹೇಗೆ ವರ್ತಿಸುತ್ತದೆ ಎಂಬುದನ್ನು ಕೆಲವೇ ಅಂಕಿಗಳಿಂದ ಮೊದಲೇ ಲೆಕ್ಕ ಹಾಕುವ ವಿಧಾನವನ್ನು ರೂಪಿಸಿದವರು ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡಿದ ನೆವಿಲ್ ಥೀಲ್ ಮತ್ತು ರಿಚರ್ಡ್ ಸ್ಮಾಲ್. ಥೀಲ್ ಅವರ ಲೇಖನ 1961ರದು, ಸ್ಮಾಲ್ ಅದನ್ನು 1970ರ ದಶಕದಲ್ಲಿ ಮುಂದುವರಿಸಿದರು. ಕಾರಿನ ಸ್ಪೀಕರ್‌ಗಳ ಜೊತೆ ಈ ಅಂಕಿಗಳ ಚೀಟಿ ಬರುವುದು ಅಪರೂಪವಾದ್ದರಿಂದ ನಾವೇ ಅಳೆದುಕೊಳ್ಳಬೇಕಾಗುತ್ತದೆ. ಅದಕ್ಕೆ ಬೇಕಾದದ್ದು ಸ್ವರ ಹೊರಡಿಸುವ ಫೋನ್ ಆ್ಯಪ್, 1000 ಓಮ್‌ನ ಒಂದು ರೆಸಿಸ್ಟರ್ ಮತ್ತು ಮಲ್ಟಿಮೀಟರ್ ಮಾತ್ರ.

ಸ್ಪೀಕರನ್ನು ಸ್ಟೂಲಿಗೆ ನೆಟ್ಟಗೆ ಕಟ್ಟಿ, ರೆಸಿಸ್ಟರ್ ಮೂಲಕ ಸ್ವರವನ್ನು ಕೊಡುತ್ತ, ಒಂದೊಂದೇ ಹರ್ಟ್ಸ್ (ಸೆಕೆಂಡಿಗೆ ಒಂದು ಕಂಪನ) ಏರಿಸುತ್ತ ಹೋದೆ. 65 ಹರ್ಟ್ಸ್‌ನಲ್ಲಿ ಸ್ಪೀಕರಿನ ತುದಿಗಳ ವೋಲ್ಟೇಜ್ ಗರಿಷ್ಠ ಮಟ್ಟಕ್ಕೇರಿತು. ಅದೇ ಅದರ ಸಹಜ ಕಂಪನ. ಬಳಿಕ ಮಕ್ಕಳ ಆಟದ ಜೇಡಿಮಣ್ಣನ್ನು ಕೆಳಮಹಡಿಯ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ, ತಲಾ 2 ಗ್ರಾಮಿನ ನಾಲ್ಕು ಉಂಡೆ ಮಾಡಿದೆ. ಕಾರಿನ ಸ್ಪೀಕರಿನ ನಡುವೆ ಟ್ವೀಟರ್ ಕಂಬ ಇರುವುದರಿಂದ ಮಣ್ಣನ್ನು ಮಧ್ಯದಲ್ಲಿ ಇಡಲಾಗದು. ನಾಲ್ಕೂ ಉಂಡೆಗಳನ್ನು ಕಂಬದ ಸುತ್ತ ಕೋನಿಗೆ ಸಮದೂರದಲ್ಲಿ ಒತ್ತಿದೆ. ಕಂಪನ 48 ಹರ್ಟ್ಸ್‌ಗೆ ಇಳಿಯಿತು. 8 ಗ್ರಾಮಿಗೆ ಇಷ್ಟು ಇಳಿದರೆ ಕೋನಿನ ಸ್ವಂತ ಭಾರ 9.6 ಗ್ರಾಂ ಎಂದೂ, ಕೋನನ್ನು ಹಿಡಿದಿಟ್ಟಿರುವ ಭಾಗಗಳ ಬಿಗಿತಕ್ಕೆ ಸಮನಾದ ಗಾಳಿಯ ಪ್ರಮಾಣ ಸುಮಾರು 15 ಲೀಟರ್ ಎಂದೂ ಲೆಕ್ಕ ಸಿಗುತ್ತದೆ. ಕಂಪನ ಎಷ್ಟು ಬೇಗ ಅಡಗುತ್ತದೆಂದು ತಿಳಿಸುವ ಕ್ಯೂಟಿಎಸ್ ಎಂಬ ಅಂಕಿ 0.65 ಬಂತು; ಅದು ಹೆಚ್ಚಿದಷ್ಟೂ ಕಂಪನ ಅಡಗುವುದು ತಡ.

ಈ ಕೊನೆಯ ಅಂಕಿಯೇ ವಿಷಯದ ಮರ್ಮ. ಕಾರಿನ ಬಾಗಿಲು ದೊಡ್ಡದೂ ಸೋರುವಂಥದೂ ಆದ ಟೊಳ್ಳು. ಅಲ್ಲಿ ಸ್ಪೀಕರಿನ ಬೆನ್ನಿಗೆ ಗಾಳಿಯ ಒತ್ತಡ ಇಲ್ಲವೆನ್ನುವಷ್ಟು ಕಡಿಮೆ. ಅಂಥ ಜಾಗಕ್ಕೆಂದು ರೂಪಿಸಿದ ಸ್ಪೀಕರನ್ನು ಪುಟ್ಟ ಡಬ್ಬಕ್ಕೆ ತುರುಕಿದರೆ ಒಳಗಿನ ಗಾಳಿ ಸ್ಪ್ರಿಂಗಿನಂತೆ ಕೋನನ್ನು ಹಿಂದಕ್ಕೆ ತಳ್ಳುತ್ತದೆ. ನನ್ನ 8 ಲೀಟರ್ ಡಬ್ಬದಲ್ಲಿ ಕಂಪನ 65ರಿಂದ 110 ಹರ್ಟ್ಸ್‌ಗೆ ಏರಿತ್ತು, ಕ್ಯೂ (ಪೆಟ್ಟಿಗೆಯೊಳಗೆ ಕೂತ ಮೇಲಿನ ಅದೇ ಅಂಕಿ) 1.1 ಆಗಿತ್ತು, 145 ಹರ್ಟ್ಸ್ ಆಸುಪಾಸಿನಲ್ಲಿ ದನಿಯಲ್ಲಿ ಸುಮಾರು 2 ಡೆಸಿಬೆಲ್‌ಗಳ ಉಬ್ಬು ಎದ್ದಿತ್ತು. ಗಂಡಸರ ಮಾತಿನ ಮೂಲಸ್ವರ ಸಾಮಾನ್ಯವಾಗಿ ಇರುವುದು 85ರಿಂದ 180 ಹರ್ಟ್ಸ್ ನಡುವೆ. ಅರ್ಥಧಾರಿಯ ಕಂಠ ನೇರವಾಗಿ ಆ ಉಬ್ಬಿನ ಮೇಲೆಯೇ ಬೀಳುತ್ತಿತ್ತು. ತೆಳು ಹಲಗೆಯೂ ಅದರೊಡನೆ ನಡುಗುತ್ತಿತ್ತು. ಅಪ್ಪನ ಕಿವಿ ಕೊಡಪಾನವೆಂದು ಗುರುತಿಸಿದ್ದು ಇದನ್ನೇ.

40 ಲೀಟರಿನ ಪೆಟ್ಟಿಗೆಯಾದರೆ ಕ್ಯೂ 0.76ಕ್ಕೆ ಇಳಿಯುತ್ತದೆ, ಆದರೆ ಅಂಥ ಎರಡನ್ನು ಇಡಲು ಕೋಣೆಯಲ್ಲಿ ಸ್ಥಳವಿಲ್ಲ. 20 ಲೀಟರಿಗೆ ಕಂಪನ 86 ಹರ್ಟ್ಸ್, ಕ್ಯೂ 0.86, ಉಬ್ಬು ಅರ್ಧ ಡೆಸಿಬೆಲ್ ಮಾತ್ರ. ಅದನ್ನೇ ಆರಿಸಿದೆ. ಪೆಟ್ಟಿಗೆಗೆ ಕೊಳವೆ ಇಡಿಸಿದರೆ ತಗ್ಗಿನ ಸ್ವರ ಹೆಚ್ಚುತ್ತದೆ ಎಂದು ಅಂಗಡಿಯಲ್ಲಿ ಹೇಳಿದ್ದರು. ಇಷ್ಟು ಎತ್ತರದ ಕ್ಯೂ ಇರುವ ಸ್ಪೀಕರಿಗೆ ಕೊಳವೆ ಹೊಂದುವುದಿಲ್ಲ, ಗುಂಯ್‌ಗುಡುವಿಕೆ ಮತ್ತಷ್ಟು ಬೆಳೆಯುತ್ತದೆ.

ಜೂನ್ 29

ಮುಂಬಯಿಯ ಮಳೆಗಾಲದಲ್ಲಿ ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ತೇವ ಹೀರಿ ಅಂಚಿನಲ್ಲಿ ಉಬ್ಬುತ್ತದೆಯಾದ್ದರಿಂದ ನೀರು ತಾಳುವ 18 ಮಿ.ಮೀ. ಪ್ಲೈವುಡ್ ಕೊಂಡು, ಅಳತೆ ಕೊಟ್ಟು ಅಂಗಡಿಯಲ್ಲೇ ಕತ್ತರಿಸಿಕೊಂಡೆ. ಒಳ ಅಳತೆ 24, 26 ಮತ್ತು 32 ಸೆಂ.ಮೀ. ಸ್ಪೀಕರಿನ 128 ಮಿ.ಮೀ. ತೂತನ್ನು ಬಡಗಿಯೊಬ್ಬರು ಕೊರೆದುಕೊಟ್ಟರು. ಸಂದುಗಳಿಗೆಲ್ಲ ಫೆವಿಕಾಲ್ ಬಳಿದು ಸ್ಕ್ರೂ ಬಿಗಿದೆ, ಒಳಗೆ ಹಳೆಯ ದಿಂಬಿನ ಫೈಬರ್ ಹತ್ತಿಯನ್ನು ಸಡಿಲವಾಗಿ ತುಂಬಿದೆ. ಗಾಳಿಗೆ ತೇವವಿದ್ದುದರಿಂದ ಅಂಟು ಪೂರ್ತಿ ಒಣಗಲು ಎರಡು ದಿನ ಬಿಟ್ಟೆ.

ಜುಲೈ 6

ಗುಂಯ್ ಹೋಗಿದೆ. ಈಗ ಚಕ್ರತಾಳ ಮತ್ತು ಚೆಂಡೆಯ ಏಟು ಕಿವಿಗೆ ಚುಚ್ಚುತ್ತಿವೆ. ಕಾರಿನಲ್ಲಿ ಸ್ಪೀಕರ್ ಇರುವುದು ಮೊಣಕಾಲಿನ ಕೆಳಗೆ, ಕಿವಿಗೆ ಓರೆಯಾಗಿ. ಆ ಓರೆಯಲ್ಲಿ ಕಳೆದುಹೋಗುವುದನ್ನು ತುಂಬಲು ಟ್ವೀಟರನ್ನು ಜೋರಾಗಿಯೇ ಇಟ್ಟಿರುತ್ತಾರೆ. ಮನೆಯಲ್ಲಿ ಅದು ನೇರವಾಗಿ ಮುಖಕ್ಕೇ ಬರುತ್ತದೆ.

ಟ್ವೀಟರಿಗೆ 2 ಓಮ್‌ನ ರೆಸಿಸ್ಟರನ್ನು ಸಾಲಾಗಿ ಬೆಸೆದರೆ ಮೂರೂವರೆ ಡೆಸಿಬೆಲ್ ತಗ್ಗುತ್ತದೆ. ಆದರೆ ಟ್ವೀಟರಿಗೆ ತಗ್ಗಿನ ಸ್ವರ ಹೋಗದಂತೆ ತಡೆಯುವ, ಅದರ ಹಿಂದಿರುವ 4.7 ಮೈಕ್ರೋಫ್ಯಾರಡ್ ಕೆಪ್ಯಾಸಿಟರಿಗೆ ಆಗ 4 ಓಮ್ ಬದಲು 6 ಓಮ್ ಎದುರಾಗಿ, 8500 ಹರ್ಟ್ಸ್‌ನಿಂದ ಕೆಲಸ ಆರಂಭಿಸಬೇಕಾದ ಟ್ವೀಟರ್ 5600ರಿಂದಲೇ ಆರಂಭಿಸುತ್ತದೆ. ಅದಕ್ಕಾಗಿ ಕೆಪ್ಯಾಸಿಟರನ್ನೂ 3.3ಕ್ಕೆ ಬದಲಿಸಿದೆ, ಲೆಕ್ಕ ಮತ್ತೆ 8000ಕ್ಕೆ ಬಂದು ನಿಂತಿತು. ಚೆಂಡೆಯ ಏಟಿನ ಹಿಂದಿನ ಚರ್ಮದ ನಾದ ಈಗ ಬೇರೆಯಾಗಿ ಕೇಳುತ್ತದೆ.

ಜುಲೈ 13

ಪೆಟ್ಟಿಗೆಗಳು ಗೋಡೆಗೆ ತಾಗುವಂತೆ ಕಪಾಟಿನ ಮೇಲೆ ಕುಳಿತಿವೆ. ಗೋಡೆಯ ಆಸರೆಯಿಂದ ಮದ್ದಳೆಗೆ ಬೇಕಾದಷ್ಟು ತೂಕ ಸಿಕ್ಕಿದೆ. ಬಲದ ಕೋನನ್ನು ಬೆರಳಿನಿಂದ ಒತ್ತಿ ಬಿಟ್ಟರೆ ನಿಧಾನವಾಗಿ ಮರಳುತ್ತದೆ, ಎಡದ್ದು ಥಟ್ಟನೆ ಮರಳುತ್ತದೆ. ಎಡದ ಪೆಟ್ಟಿಗೆಯಲ್ಲಿ ವೈರ್ ಹೊರಬರುವ ತೂತು ಸೋರುತ್ತಿರಬೇಕು. ಈ ವಾರ ಅದಕ್ಕೆ ಎಂ-ಸೀಲ್ ತುಂಬಿ ಮತ್ತೆ ಒತ್ತಿ ನೋಡುತ್ತೇನೆ. ಪಾಲಿಶ್ ಕೆಲಸ ದಸರಾ ಹೊತ್ತಿಗೆ, ಹಲಗೆ ಪೂರ್ತಿ ಒಣಗಿದ ಮೇಲೆ.